ಖಾಲಿ ಕುರ್ಚಿಯ ಲಾಭ ಬೇಡವೆಂದ ಮ್ಯಾನೇಜರು

ಎಡೆದೊರೆ ಗ್ರಾಮೀಣ ಬ್ಯಾಂಕಿಗೆ ಸೇರಿದ ಹೊಸಬರಿಗೆ ತರಬೇತಿಯ ಮೊದಲ ದಿನವೇ ಒಂದು ಹೆಸರು ಕಿವಿಗೆ ಬೀಳುತ್ತದೆ: ಅಬ್ದುಲ್ ವಹೀದ್ ಸಾಹೇಬರು. ಸಾಲ ಕೊಡುವುದು ಹೇಗೆ, ಕೊಟ್ಟದ್ದನ್ನು ಯಾರ ಮನಸ್ಸೂ ಮುರಿಯದಂತೆ ವಸೂಲು ಮಾಡುವುದು ಹೇಗೆ, ಶಾಖೆಯ ಖರ್ಚನ್ನು ಅದರ ಆದಾಯದ ಚೌಕಟ್ಟಿನೊಳಗೆ ಕೂರಿಸುವುದು ಹೇಗೆ ಎಂದು ಯಾರು ಕೇಳಿದರೂ ಹಿರಿಯರು ಬೆರಳು ತೋರಿಸುವುದು ಅವರ ಕಡೆಗೇ. ರಾಯಚೂರು ಸೀಮೆಯಲ್ಲಿ ಗ್ರಾಮೀಣ ಬ್ಯಾಂಕಿಂಗ್ ಎಂಬ ಮಾತಿಗೆ ಒಂದು ಮುಖ ಇದ್ದರೆ ಅದು ಆ ಕಪ್ಪು ಟೋಪಿಯ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಕಡಿಮೆ ಮಾತಿನ ಮುಖ. ೧೯೮೯ರ ಈ ವರ್ಷ ಅವರು ಕ್ಷೇತ್ರ ವ್ಯವಸ್ಥಾಪಕರ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರನ್ನು ಹೊಗಳುವುದು ಸುಲಭ. ಆದರೆ ಅವರು ಯಾವುದಕ್ಕಾಗಿ ಹೊಗಳಿಕೆಯನ್ನು ಒಲ್ಲೆ ಎಂದರೋ ಅದನ್ನು ಬಿಟ್ಟು ಹೊಗಳಿದರೆ ಅದು ಅವರಿಗೆ ಮಾಡಿದ ಗೌರವವಾಗದು. ಆದ್ದರಿಂದ ಅವರ ಅಭಿನಂದನ ಗ್ರಂಥದ ಈ ಲೇಖನದ ಹೆಚ್ಚಿನ ಪಾಲು ದೇವದುರ್ಗದ ಒಂದು ದಿನಕ್ಕೇ ಮೀಸಲು.

ಮೊದಲು ಗಬ್ಬೂರು. ೧೯೭೭ರಲ್ಲಿ ಸಾಹೇಬರು ಅಲ್ಲಿ ಶಾಖೆ ತೆರೆದಾಗ ಬ್ಯಾಂಕೆಂದರೆ ಕಿರಾಣಿ ಅಂಗಡಿಯ ಪಕ್ಕದ ಒಂದು ಬಾಡಿಗೆ ಕೋಣೆ, ಒಂದು ಮೇಜು, ಗೋಡೆಯೊಳಗೆ ಹೂತ ಒಂದು ತಿಜೋರಿ, ಮತ್ತು ಸಿಪಾಯಿ ಹುಸೇನಪ್ಪ. ಸಾಹೇಬರು ಆವರೆಗೆ ರಾಯಚೂರಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವರು. ಸಾಲದ ಕಂತು ತಿಂಗಳಿಗೊಮ್ಮೆ ಬರಬೇಕೆಂಬ ಮುದ್ರಿತ ನಿಯಮವನ್ನು ಅವರು ಗಬ್ಬೂರಿನಲ್ಲಿ ಮೊದಲ ಸಲ ಬಗ್ಗಿಸಿದರು. ಕುರಿಗಾರನಿಗೆ ತಿಂಗಳ ಸಂಬಳವಿಲ್ಲ, ಅವನ ಕೈಗೆ ರೊಕ್ಕ ಬರುವುದು ಉಣ್ಣೆ ಕತ್ತರಿಸಿದಾಗ, ಇಲ್ಲವೇ ಟಗರು ಮಾರಿದಾಗ; ಹಾಗಾದರೆ ಕಂತೂ ಆಗಲೇ ಬರಲಿ ಎಂದರು. ವಸೂಲಿ ತಾನಾಗಿ ಏರಿತು.

ಆ ದಿನಗಳ ಒಂದು ಪ್ರಸಂಗವನ್ನು ಹುಸೇನಪ್ಪ ಇಂದಿಗೂ ನಗುತ್ತ ಹೇಳುತ್ತಾನೆ. ಬ್ಯಾಂಕಿನ ಸಾಲದಿಂದ ಕೊಂಡ ಕುರಿಗೆ ವಿಮೆ ಇರುತ್ತಿತ್ತು, ಗುರುತಿಗೆ ಕಿವಿಯಲ್ಲಿ ಲೋಹದ ಬಿಲ್ಲೆ. ಕುರಿ ಸತ್ತರೆ ಆ ಬಿಲ್ಲೆಯನ್ನು ಕಿವಿ ಸಮೇತ ತಂದು ಒಪ್ಪಿಸಬೇಕು. ಬೂದೆಪ್ಪ ಎಂಬ ಕುರಿಗಾರ ಒಂದು ಮಧ್ಯಾಹ್ನ ಬಂದು, ಸಾಹೇಬರು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ ಮೇಜಿನ ಮೇಲೆಯೇ ಬಟ್ಟೆಯ ಗಂಟು ಬಿಚ್ಚಿದ.

"ಏನಲೇ ಇದು?" ಎಂದು ಹುಸೇನಪ್ಪ ಹಾರಿಬಿದ್ದ.

"ಕಿವಿ ರೀ. ಕುರಿ ಅಲ್ಲೇ ಬಿದ್ದದ, ಹೊತಗೊಂಡು ಬರ್ಲೇನು?"

"ಸಾಹೇಬ್ರು ಉಣ್ಣಾಕತ್ತಾರ, ಕಣ್ಣ ಕಾಣಸ್ವಲ್ವೇನು ನಿನಗ?"

"ನಾನೂ ಬೆಳಗಿನಿಂದ ಉಂಡಿಲ್ಲ ಬಿಡಪ್ಪ."

ಸಾಹೇಬರು ಎಡಗೈಯಿಂದ ಗಂಟನ್ನು ಪಕ್ಕಕ್ಕೆ ಸರಿಸಿ, ಬಲಗೈಯಿಂದ ಅರ್ಧ ರೊಟ್ಟಿಯನ್ನು ಅವನತ್ತ ಚಾಚಿದರು. ವಿಮೆಯ ಹಣ ಬರುವವರೆಗೆ ಅವನ ಕಂತಿನ ವಸೂಲಿಯನ್ನೂ ತಡೆದರು. ಬಳೆ ಮಾರುವ ಮುನ್ನೀ ಬೀಗೆ ತಳ್ಳುಗಾಡಿಗೆ ಸಾಲ ಕೊಟ್ಟದ್ದೂ, ಆಕೆಯ ಗಂಡ ಬಂದು ಆ ರೊಕ್ಕ ತನ್ನ ಕೈಗೆ ಕೊಡಬೇಕೆಂದು ಗದ್ದಲ ಮಾಡಿದಾಗ "ಗಾಡಿ ನೀವು ತಳ್ಳತೀರೇನ್ರೀ?" ಎಂದು ಕೇಳಿ ಕಳಿಸಿದ್ದೂ ಇಲ್ಲಿಯೇ.

ಇಂಥವರು ೧೯೭೯ರಲ್ಲಿ ದೇವದುರ್ಗ ಶಾಖೆಗೆ ಬಂದರು. ಅವರ ಹಿಂದೆಯೇ ಹುಸೇನಪ್ಪನೂ ವರ್ಗವಾಗಿ ಬಂದ. ಆ ಶಾಖೆ ನಷ್ಟದಲ್ಲಿತ್ತು. ಪ್ರಧಾನ ಕಚೇರಿ ರಾಯಚೂರಿನಿಂದ ಪ್ರತಿ ತ್ರೈಮಾಸಿಕಕ್ಕೂ ಕೆಂಪು ಶಾಯಿಯ ಪತ್ರ ಬರೆಯುತ್ತಿತ್ತು. ಸಾಹೇಬರು ಶಾಖೆಯ ಖರ್ಚನ್ನೆಲ್ಲ ಹರಡಿಕೊಂಡು ಕೂತು ಒಂದು ತಖ್ತೆ, ಅಂದರೆ ಖರ್ಚು-ಉಳಿತಾಯದ ಪಟ್ಟಿ, ತಯಾರಿಸಿದರು. ಮಂಜೂರಾದ ಗುಮಾಸ್ತರ ಹುದ್ದೆಗಳು ಎರಡು. ಒಬ್ಬ ವರ್ಗವಾಗಿ ಹೋಗಿದ್ದಾನೆ. ಆ ಜಾಗವನ್ನು ತುಂಬದೆ ಬಿಟ್ಟರೆ ವರ್ಷದ ಸಂಬಳವೆಲ್ಲ ಉಳಿತಾಯ. ಉಳಿದ ಒಬ್ಬನೇ, ಗದ್ದೆಪ್ಪ, ಗುಮಾಸ್ತನೂ ಹೌದು ಕ್ಯಾಶಿಯರನೂ ಹೌದು. ಚುರುಕಿನ ಹುಡುಗ, ಎರಡು ಕೆಲಸವನ್ನೂ ಎಳೆದುಕೊಂಡು ಹೋಗುತ್ತಾನೆ. ಲೆಕ್ಕ ಸರಿಯಾಗಿಯೇ ಇತ್ತು. ಮರುವರ್ಷ ಶಾಖೆ ಲಾಭಕ್ಕೆ ಬಂತು. ಅಧ್ಯಕ್ಷರು ಆ ತಖ್ತೆಯ ನಕಲು ತೆಗೆಸಿ ಎಲ್ಲ ಶಾಖೆಗಳಿಗೂ ಕಳಿಸಿ, ದೇವದುರ್ಗದ ಮಾದರಿಯನ್ನು ಅನುಸರಿಸಿ ಎಂದರು. ಸಾಹೇಬರಿಗೆ ಹೆಮ್ಮೆಯಾಗಿತ್ತು. ಆಗಬೇಕಾದದ್ದೇ.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರರ ಬಳಿ, ಇನ್ನೊಂದು ಕ್ಯಾಶಿಯರನ ಬಳಿ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಎರಡನ್ನೂ ಒಬ್ಬರೇ ಹಿಡಿಯಕೂಡದು, ರೊಕ್ಕ ಎಣಿಸಿ ಕೊಡುವವನೂ ಕ್ಯಾಶಿಯರನೇ ಆಗಿರಬೇಕು ಎಂಬುದು ನಿಯಮ. ಕ್ಯಾಶಿಯರನು ರಜೆ ಹೋಗುವಾಗ ತನ್ನ ಕೀಲಿಕೈಯನ್ನು ಇನ್ನೊಬ್ಬ ಗುಮಾಸ್ತನಿಗೆ ಒಪ್ಪಿಸಿ ಹೋಗಬೇಕು. ದೇವದುರ್ಗದಲ್ಲಿ ಆ ಇನ್ನೊಬ್ಬನಿರಲಿಲ್ಲ.

೧೯೮೧ರ ಬೇಸಿಗೆ. ಅರಕೇರಾದಿಂದ ಗದ್ದೆಪ್ಪನ ನಾಲ್ಕು ವರ್ಷದ ಮಗಳಿಗೆ ವಾಂತಿಭೇದಿ ಎಂದು ಸಂಜೆ ಸುದ್ದಿ ಬಂತು. "ಹೋಗಿ ಬಾ, ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದುಬಿಡು" ಎಂದು ಸಾಹೇಬರೇ ಕಳಿಸಿದರು. ಕೀಲಿಕೈ ಎಂದಿನಂತೆ ಅವನ ಉಡದಾರದಲ್ಲಿತ್ತು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಅವನು ಬರಲಿಲ್ಲ. ಅವನ ಓಣಿಯ ಒಬ್ಬ ಮನುಷ್ಯ ಬಂದು, ಕೂಸು ಹೋಯಿತು ಎಂದು ಹೇಳಿ ಅದೇ ಬಸ್ಸಿಗೆ ತಿರುಗಿ ಹೋದ.

ಅದೇ ದಿನ ಸಂತೆ. ಅದೇ ದಿನ ರಾಯಚೂರಿನಿಂದ ಇನ್ನೊಂದು ಸುದ್ದಿಯೂ ಬಂದಿತ್ತು: ಹೆಚ್ಚಿನ ಬಡ್ಡಿ ಕೊಡುತ್ತೇನೆಂದು ಠೇವಣಿ ಕೂಡಿಸಿದ್ದ ಒಂದು ಖಾಸಗಿ ಕಂಪನಿ ಬಾಗಿಲು ಹಾಕಿ ಮಾಲೀಕ ಓಡಿಹೋಗಿದ್ದ. ಸಂತೆಯಲ್ಲಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಮುಳುಗಿದ್ದು ಕಂಪನಿ ಹೋಗಿ ಬ್ಯಾಂಕಾಯಿತು. ಹತ್ತು ಗಂಟೆಗೆ ಹುಸೇನಪ್ಪ ಕದ ತೆಗೆದಾಗ ಜನ ಬೀದಿಯ ತಿರುವಿನವರೆಗೂ ನಿಂತಿದ್ದರು. ತಿಜೋರಿಯಲ್ಲಿ ಅವರಿಗೆಲ್ಲ ಕೊಡುವಷ್ಟು ರೊಕ್ಕವಿತ್ತು. ಅದನ್ನು ತೆರೆಯಲು ಬರುತ್ತಿರಲಿಲ್ಲ.

"ಕ್ಯಾಶಿಯರ್ ಬಂದಿಲ್ಲ, ಅವರ ಮನಿಯಾಗ ಸಾವಾಗೇದ" ಎಂದು ಸಾಹೇಬರು ಮೆಟ್ಟಿಲ ಮೇಲೆ ನಿಂತು ಹೇಳಿದರು.

ಶೇಂಗಾ ವ್ಯಾಪಾರದ ಖಾಜಾಮಿಯಾ ಮುಂದೆಯೇ ಇದ್ದ. "ವಾಹ್ ಸಾಬ್! ಇವತ್ತೇ ಸಾವಾಗಬೇಕಾಗಿತ್ತೇನು? ಆ ರಾಯಚೂರ ಕಂಪನಿಯವನೂ ಹಿಂಗೇ ಹೇಳಿದ್ನಂತ, ಅವರವ್ವ ಸತ್ತಾಳಂತ!"

"ಕೀಲಿಕೈ ನುಂಗ್ಯಾರ ಬಿಡ್ರಿ, ನಾಳೆ ಹೊರಗ ಬರ್ತದ" ಎಂದ ಹಿಂದಿನವನೊಬ್ಬ. ಜನ ನಕ್ಕರು. ಆ ನಗು ಒಳ್ಳೆಯದಾಗಿರಲಿಲ್ಲ. ಯಾರೋ ಕಿಟಕಿಗೆ ಕಲ್ಲು ಒಗೆದರು.

ಸಾಹೇಬರು ಪ್ರಧಾನ ಕಚೇರಿಗೆ ಟ್ರಂಕ್ ಕಾಲ್ ಮಾಡಿದರು. ಕೀಲಿಕೈಗಳ ಇನ್ನೊಂದು ಜೋಡಿ ರಾಯಚೂರಿನ ದೊಡ್ಡ ಬ್ಯಾಂಕೊಂದರ ವಶದಲ್ಲಿತ್ತು. ಪತ್ರ, ಸಹಿ, ಆಮೇಲೆ ಬಸ್ಸು, ನಾಳೆಗೆ ಮುಂಚೆ ಬರುವ ಮಾತಿಲ್ಲ. ಅಲ್ಲಿಯ ಅಧಿಕಾರಿ ಹೇಳಿದ್ದು ಇಷ್ಟೇ: "ಇವತ್ತು ನಿಮ್ಮ ಶಾಖೆ ರೊಕ್ಕ ಕೊಡ್ಲಿಲ್ಲ ಅಂದ್ರ ನಾಳೆ ಎಲ್ಲಾ ಶಾಖೆ ಮುಂದ ಜನ ನಿಂದರ್ತಾರ. ಆತನ್ನ ಕರಕೊಂಡು ಬರ್ರಿ." ಆ ಮಾತು ಸುಳ್ಳಾಗಿರಲಿಲ್ಲ. ಬ್ಯಾಂಕು ಹುಟ್ಟಿ ಐದು ವರ್ಷವಾಗಿತ್ತಷ್ಟೆ. ಒಂದು ಶಾಖೆಯ ಮೇಲಿನ ನಂಬಿಕೆ ಹರಿದರೆ ಉಳಿದ ಶಾಖೆಗಳನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿರಲಿಲ್ಲ. ಮುಳುಗುವ ರೊಕ್ಕ ಬೂದೆಪ್ಪನಂಥವರದು, ಮುನ್ನೀ ಬೀಯಂಥವರದು.

ಹುಸೇನಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ ಸಾಹೇಬರು ಬಾಡಿಗೆ ಜೀಪಿನ ಶಂಶುದ್ದೀನನನ್ನು ಕರೆದುಕೊಂಡು ಅರಕೇರಾಕ್ಕೆ ಹೊರಟರು. ದಾರಿಯುದ್ದಕ್ಕೂ ಏನೆಂದು ಕೇಳಬೇಕು, ಯಾವ ಬಾಯಿಂದ ಕೇಳಬೇಕು ಎಂಬುದನ್ನೇ ಅವರು ಹುಡುಕುತ್ತಿದ್ದಿರಬೇಕು.

ಗದ್ದೆಪ್ಪನ ಮನೆಯ ಮುಂದೆ ಜನ ಕೂತಿದ್ದರು. ಪಡಸಾಲೆಯಲ್ಲಿ ಕೂಸನ್ನು ಮಲಗಿಸಿ ಹಸಿರು ಕುಪ್ಪಸದ ತುಂಡು ಹೊದಿಸಿದ್ದರು. ಕಾಯುತ್ತಿದ್ದದ್ದು ಸೋದರಮಾವನಿಗಾಗಿ. ಆ ಮನೆತನದಲ್ಲಿ ಸಣ್ಣ ಮಕ್ಕಳು ಹೋದರೆ ಚಟ್ಟ ಕಟ್ಟುವುದಿಲ್ಲ. ತಾಯಿಯ ಅಣ್ಣನೋ ತಮ್ಮನೋ ಬಂದು ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಮಣ್ಣಿಗಿಡಬೇಕು. ಮಾವ ಕನಕರಾಯ ಕುರಿ ಹಿಂಡು ಹೊಡೆದುಕೊಂಡು ಮಾನ್ವಿಯ ಕಡೆ ಹೋಗಿದ್ದ. ಹೇಳಿಕಳಿಸಿದ್ದರು. ಬರುವುದು ಇಳಿಹೊತ್ತಾಗಬಹುದಿತ್ತು.

ಸಾಹೇಬರನ್ನು ಮೊದಲು ಕಂಡವಳು ಕೂಸಿನ ತಾಯಿ ಬಾಲಮ್ಮ. ಅವಳು ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿ, ಪಕ್ಕದ ಹೆಂಗಸರಿಗೆ ಹೇಳಿದಳು: "ನೋಡ್ರವ್ವಾ, ಸಾಹೇಬ್ರು ಬಂದಾರ. ನನ್ನ ಕೂಸಿನ ಮಣ್ಣಿಗೆ ಅಷ್ಟು ದೂರದಿಂದ ಬಂದಾರ."

ಕೀಲಿಕೈಗೆ ಬಂದವರು ಆ ಮಾತು ಕೇಳಿ ಟೋಪಿ ಸರಿಮಾಡಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ನಿಂತರು. ಕೂಡಲಿಲ್ಲ. ಮಣ್ಣಿಗೆ ಬಂದವರಂತೆ ಕೂತಿದ್ದರೆ ಪ್ರಾಯಶಃ ಮುಂದಿನದು ನಡೆಯುತ್ತಿರಲಿಲ್ಲ. ಅವರು ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ, ನಿಂತರು, ಅಷ್ಟೇ. ಆದರೆ ಜೀಪು ಅವರ ಹಿಂದೆ ನಿಂತಿತ್ತು. ಅವರ ಕೈ ಆಗಾಗ ತಾನಾಗಿ ತಮ್ಮ ಜೇಬಿನೊಳಗಿನ ಕೀಲಿಕೈಯ ಮೇಲೆ ಹೋಗುತ್ತಿತ್ತು. ಗದ್ದೆಪ್ಪ ಎರಡು ವರ್ಷ ದಿನವೂ ಅವರ ಜೊತೆ ತಿಜೋರಿ ತೆರೆದವನು. ಅವನಿಗೆ ತಿಳಿಯಿತು. ಎದ್ದು ಬಂದ.

"ಮಂದಿ ಭಾಳ ಕೂಡ್ಯಾರೇನ್ರೀ?"

ಸಾಹೇಬರು ತಲೆಯಾಡಿಸಿದರು.

ಗದ್ದೆಪ್ಪ ತಿರುಗಿ ಹೋಗಿ ತನ್ನ ತಂದೆ ಪರಮಣ್ಣನಿಗೆ ಹೇಳಿದ: "ಯಪ್ಪಾ, ಹೊತ್ತಾಗಾಕತ್ತದ. ಮುಗಿಸಿಬಿಡಾಣ."

"ಹುಚ್ಚೇನಲೇ? ಮಾವ ಬರ್ಲಿ. ಆತ ಎತ್ತಬೇಕು."

"ಊರ ಮಂದಿ ಬಾಕಲ ಮುಂದ ನಿಂತಾರಪ್ಪ."

"ಯಾವ ಬಾಕಲ? ನಿನ್ನ ಬಾಕಲ ಇದಲ್ಲೇನು?"

ಗದ್ದೆಪ್ಪ ತಾನೇ ಬಗ್ಗಿ ಕೂಸನ್ನು ಎತ್ತಿಕೊಂಡ. ಬಾಲಮ್ಮ ಅವನ ಅಂಗಿ ಹಿಡಿದು, "ನಮ್ಮಣ್ಣ ಬರ್ಲಿ, ನಮ್ಮಣ್ಣ ಬರ್ಲಿ ತಡೀರಿ" ಎನ್ನುತ್ತ ಓಣಿಯ ಕೊನೆಯವರೆಗೂ ಬಂದಳು. ಅಲ್ಲಿಂದ ಹೆಂಗಸರು ಹಿಂದಕ್ಕೆ ಎಳೆದುಕೊಂಡರು. ಸಾಹೇಬರು ಎಲ್ಲರ ಹಿಂದೆ ನಡೆದು, ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದರು.

"ಜಳಕಾ ಮಾಡಿ ಬಾ" ಎಂದದ್ದೊಂದೇ ಅವರು ಅವನಿಗೆ ಆಡಿದ ಮಾತು. "ಬ್ಯಾಡ್ರಿ, ಮತ್ತಷ್ಟು ಹೊತ್ತಾಗ್ತದ" ಎಂದು ಗದ್ದೆಪ್ಪ ಜೀಪು ಹತ್ತಿದ.

ದೇವದುರ್ಗದಲ್ಲಿ ಜನ ಹೆಚ್ಚಾಗಿದ್ದರು, ಹುಸೇನಪ್ಪನ ಹಣೆಯಲ್ಲಿ ರಕ್ತವಿತ್ತು. ಎರಡು ಕೀಲಿಕೈ ಕೂಡಿದವು, ತಿಜೋರಿ ತೆರೆಯಿತು, ಗದ್ದೆಪ್ಪ ನೋಟಿನ ಕಟ್ಟುಗಳನ್ನು ಕೌಂಟರಿನ ಮೇಲೆ ಜೋಡಿಸಿಕೊಂಡು ಕೂತ. ಸಾಲಿನ ಮೊದಲಿಗೆ ಕಾಯಿಪಲ್ಯೆ ಮಾರುವ ಯಮನಮ್ಮ ಇದ್ದಳು. ಅವಳು ರೊಕ್ಕ ತೆಗೆಯುವ ಚೀಟಿ ಒಳಗೆ ಚಾಚಿದವಳು, ಅದನ್ನು ತೆಗೆದುಕೊಳ್ಳಲು ಬಂದ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಹಸಿ ಮಣ್ಣು.

"ಯಾರು ಹೋದ್ರಪ್ಪಾ?"

"ಮಗಳು."

"ಮಣ್ಣು ಮಾಡಿ ಸೀದಾ ಬಂದೀಯೇನು?"

ಗದ್ದೆಪ್ಪ ಚೀಟಿಗೆ ಮುದ್ರೆ ಒತ್ತಿ ಎಣಿಸತೊಡಗಿದ. ಯಮನಮ್ಮ ಕೈ ಹಿಂದಕ್ಕೆಳೆದುಕೊಂಡಳು. ಸೂತಕದ ಕೈಯಿಂದ, ಜಳಕವನ್ನೂ ಮಾಡದ ಕೈಯಿಂದ, ಲಕ್ಷ್ಮಿಯನ್ನು ಯಾರು ಮನೆಗೆ ತರುತ್ತಾರೆ? ಅವಳು ಸಾಲು ಬಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಮಾತು ಹಿಂದಕ್ಕೆ ಹರಿಯಿತು. ಕೆಲವರು ಸೂತಕಕ್ಕೆ ಅಂಜಿ ಹೋದರು, ಕೆಲವರು ನಾಚಿ ಹೋದರು. ಯಾರು ಯಾವುದಕ್ಕೆ ಎಂದು ಹೇಳಲಾಗದು. ನಾಲ್ಕಾರು ಮಂದಿ ಮುಖ ಬೇರೆ ಕಡೆ ಮಾಡಿ ರೊಕ್ಕ ತೆಗೆದುಕೊಂಡದ್ದೂ ಉಂಟು. ಖಾಜಾಮಿಯಾಗೆ ಸೂತಕದ ಹಂಗಿರಲಿಲ್ಲ. ಅವನು ಕೌಂಟರಿನವರೆಗೆ ಬಂದು, ಚೀಟಿಯನ್ನು ಮಡಚಿ ಜೇಬಿಗಿಟ್ಟು, ಸಾಹೇಬರಿಗೆ ಹೇಳಿದ: "ನಂದು ಇಲ್ಲೇ ಇರ್ಲಿ ಸಾಬ್. ಇವತ್ತಿಂದು ನನಗ ಹಜಮ್ ಆಗಾದಿಲ್ಲ."

ಸಂಜೆಯೊಳಗೆ ಬೀದಿ ಖಾಲಿಯಾಯಿತು. ಬ್ಯಾಂಕು ಉಳಿಯಿತು. ಗದ್ದೆಪ್ಪನನ್ನು ಊರಿಗೆ ಮುಟ್ಟಿಸಲು ಜೀಪು ಹೋದಾಗ ಕನಕರಾಯ ಬಂದು ಮಣ್ಣಿನ ಗುಪ್ಪೆಯ ಪಕ್ಕದಲ್ಲಿ ಕೂತಿದ್ದ.

ಕನಕರಾಯ ಮರುದಿನ ಶಾಖೆಗೆ ಬಂದ. ಹೆಗಲ ಮೇಲೆ ಕಂಬಳಿ, ಕಾಲ ತುಂಬ ಧೂಳು. ಸಾಹೇಬರು ಎದ್ದು ಕುರ್ಚಿ ತೋರಿಸಿದರು.

"ಕುಂದ್ರಾಕ ಬಂದಿಲ್ರೀ. ಯಾರು ಅಂತ ನೋಡಿ ಹೋಗಾಣ ಅಂತ ಬಂದೀನಿ." ಕನಕರಾಯನ ದನಿ ಏರಿರಲಿಲ್ಲ. "ಮಾನ್ವಿಯಿಂದ ಓಡಿಕೋತ ಬಂದೆ. ನನ್ನ ಸೊಸಿ ಮಕಾ ಕಾಣಲಿಲ್ಲ. ಬ್ಯಾಂಕಿನ ಬಾಕಲ ತಗೀಬೇಕಾಗಿತ್ತಂತ. ತಗದ್ರೇನ್ರೀ?"

ಸಾಹೇಬರು ಮೇಜು ಬಿಟ್ಟು ಈಚೆ ಬಂದು ಅವನ ಮುಂದೆ ನಿಂತರು.

"ತಗದಿದ್ರ ಚಲೋ ಆತು ಬಿಡ್ರಿ" ಎಂದು ಕನಕರಾಯ ಹೊರಟುಹೋದ.

ಪ್ರಧಾನ ಕಚೇರಿಯಿಂದ ಪ್ರಶಂಸಾಪತ್ರ ಬಂತು: ಸಮಯಪ್ರಜ್ಞೆ, ಧೀರ ನಾಯಕತ್ವ, ಸಂಸ್ಥೆಯ ಮಾನ ಕಾಪಾಡಿದ್ದು. ಮನೆಯಲ್ಲಿ ಕುಬ್ರಾ ಬೇಗಂ ಅವರು ಅದಕ್ಕೆ ಕಟ್ಟು ಹಾಕಿಸೋಣವೇ ಎಂದು ಕೇಳಿದರಂತೆ. ಸಾಹೇಬರು ನಡೆದದ್ದನ್ನೆಲ್ಲ ಅವರಿಗೆ ಹೇಳಿದ್ದು ಆಗಲೇ. ಆಕೆ, ಆ ತಾಯಿಯನ್ನು ನೋಡಲು ನನ್ನನ್ನು ಯಾವಾಗ ಕರೆದುಕೊಂಡು ಹೋಗುತ್ತೀರಿ ಎಂದು ಮಾತ್ರ ಕೇಳಿದರು. ಹೋದರು ಕೂಡ. ಬಾಲಮ್ಮ ಇಬ್ಬರಿಗೂ ನೀರು ಕೊಟ್ಟು ಒಳಗೆ ಹೋದಳು.

ಇಲ್ಲಿಂದ ಮುಂದಿನದು ನಾವೆಲ್ಲ ಕಲಿಯಬೇಕಾದ ವಹೀದ್ ಸಾಹೇಬರ ಕಥೆ. ಮರುವರ್ಷ ರಾಯಚೂರಿನಲ್ಲಿ ಮ್ಯಾನೇಜರುಗಳ ವಾರ್ಷಿಕ ಸಭೆ. ದೇವದುರ್ಗದ ಮಾದರಿ ಎಷ್ಟು ಶಾಖೆಗಳಲ್ಲಿ ಎಷ್ಟು ಉಳಿಸಿತು ಎಂದು ಓದಿ ಹೇಳುತ್ತಿದ್ದಾಗ ಸಾಹೇಬರು ಎದ್ದು ನಿಂತರು.

"ಆ ತಖ್ತೆ ನಾನು ಮಾಡಿದ್ದು. ತಪ್ಪು ಅದ. ಅದನ್ನ ಹಿಂದಕ್ಕ ತಗೋಬೇಕ್ರೀ."

"ಲೆಕ್ಕ ತಪ್ಪು ಅದೇನು?" ಎಂದು ವೇದಿಕೆಯ ಮೇಲಿನ ಹಿರಿಯ ಅಧಿಕಾರಿ ಕೇಳಿದರು.

"ಲೆಕ್ಕ ಸರಿ ಅದ. ಲಾಭ ತಪ್ಪು ಅದ. ಅದು ಖಾಲಿ ಕುರ್ಚಿಯ ಲಾಭ ರೀ. ಆ ಕುರ್ಚ್ಯಾಗ ಕುಂದರಬೇಕಾದವನ ಭಾರ ಯಾರೋ ಒಬ್ಬರು ಹೊರಾಕತ್ತಿರ್ತಾರ, ನಮ್ಮ ತಖ್ತ್ಯಾಗ ಅವರಿಗೆ ಕಾಲಮ್ಮು ಇಲ್ಲ."

"ಒಂದು ಕೂಸು ಸತ್ತಿದ್ದಕ್ಕ ಬ್ಯಾಂಕಿನ ಧೋರಣೆ ಬದಲಾಗಾದಿಲ್ಲ ವಹೀದ್ ಸಾಬ್."

"ಕೂಸು ಸತ್ತಿದ್ದು ಬ್ಯಾನಿಯಿಂದ ರೀ. ಮಾವ ಬರೋದ್ರಾಗ ಅದು ಮಣ್ಣಾಗಿದ್ದು ನನ್ನ ತಖ್ತೆಯಿಂದ."

ಸಭೆ ಮುಂದಿನ ವಿಷಯಕ್ಕೆ ಹೋಯಿತು. ಸಾಹೇಬರು ಮಾನ್ವಿಗೆ ವರ್ಗವಾದರು. ಅವರಿಗಿಂತ ಕಿರಿಯರು ಬಡ್ತಿ ಪಡೆದು ಮೇಲೆ ಹೋದರು. ಅವರು ಬೇಡಿದ್ದು ಒಂದೇ, ಇನ್ನೊಬ್ಬ ಗುಮಾಸ್ತ. ಕೊಡದಿದ್ದಾಗ ಪ್ರತಿ ತಿಂಗಳೂ ಬರೆದರು, ಕೊಡುವವರೆಗೂ ಬರೆದರು. ಮಾನ್ವಿ ಶಾಖೆ ಲಾಭದ ಪಟ್ಟಿಯಲ್ಲಿ ಕೆಳಕ್ಕಿಳಿಯಿತು, ರಾಯಚೂರಿನಲ್ಲಿ ಜನ ನಕ್ಕರು. ಆದರೆ ಸಾಹೇಬರು ಆ ಎರಡನೆಯವನನ್ನು ಸುಮ್ಮನೆ ಕೂರಿಸಲಿಲ್ಲ. ಇಬ್ಬರಿಗೂ ಎರಡೂ ಕೆಲಸ ಕಲಿಸಿದರು. ಒಬ್ಬ ಕೌಂಟರಿನಲ್ಲಿದ್ದರೆ ಇನ್ನೊಬ್ಬ ಊರೂರಿಗೆ ಹೋಗಿ ಸಾಲಗಾರರ ಮನೆಯಲ್ಲಿ ಕೂತು ಮಾತಾಡಿ ಬರುವಂತೆ ಮಾಡಿದರು. ಮುಳುಗಿತೆಂದು ಬರೆದಿಟ್ಟಿದ್ದ ಸಾಲಗಳು ಒಂದೊಂದಾಗಿ ತಿರುಗಿ ಬರತೊಡಗಿದವು. ಎರಡನೇ ಕುರ್ಚಿ ತನ್ನ ಸಂಬಳವನ್ನು ತಾನೇ ದುಡಿಯಿತು. ಆಮೇಲೆ ನಗು ನಿಂತಿತು.

೧೯೮೬ರಲ್ಲಿ ಹೊಸ ಅಧ್ಯಕ್ಷರು ಅವರನ್ನು ಕ್ಷೇತ್ರ ವ್ಯವಸ್ಥಾಪಕರನ್ನಾಗಿ ರಾಯಚೂರಿಗೆ ಕರೆಸಿಕೊಂಡರು. ಸಾಹೇಬರು ಹೊರಡಿಸಿದ ಮೊದಲ ಸುತ್ತೋಲೆಯನ್ನು ನೌಕರರು ಇಂದಿಗೂ 'ಮಣ್ಣಿನ ಸುತ್ತೋಲೆ' ಎನ್ನುತ್ತಾರೆ. ಒಬ್ಬನೇ ಕೀಲಿಕೈದಾರನಿರುವ ಶಾಖೆ ಇರಕೂಡದು. ಕೀಲಿಕೈ ಇರುವವರ ಮನೆಯಲ್ಲಿ ಕಾಯಿಲೆಯೆಂದು ತಿಳಿದೊಡನೆ ಬೇರೊಬ್ಬರು ಅದನ್ನು ವಹಿಸಿಕೊಳ್ಳತಕ್ಕದ್ದು. ಸಾವಿನ ಮನೆಗೆ ಬ್ಯಾಂಕಿನ ಕೆಲಸದ ಮೇಲೆ ಯಾರೂ ಹೋಗಕೂಡದು. ಹೋದರೆ ಮಣ್ಣಿಗೆ ಮಾತ್ರ ಹೋಗತಕ್ಕದ್ದು. ಬ್ಯಾಂಕಿನ ಭಾಷೆಯಲ್ಲಿ ಇಂಥ ವಾಕ್ಯ ಹಿಂದೆ ಯಾರೂ ಬರೆದಿರಲಿಲ್ಲ. ಈಗ ಹೊಸಬರು ಅದನ್ನು ಬಾಯಿಪಾಠ ಮಾಡುತ್ತಾರೆ.

ಈ ಸಂಪುಟದ ಸಮಿತಿಯವರು ಈಗ ಗಬ್ಬೂರು ಶಾಖೆಯ ಮ್ಯಾನೇಜರರಾಗಿರುವ ಗದ್ದೆಪ್ಪನವರನ್ನು ಕಂಡು ನಾಲ್ಕು ಮಾತು ಕೇಳಿದರು. ಅವರು ಚಹಾ ತರಿಸಿದರು, ಸಾಹೇಬರಂಥವರು ಸಿಗುವುದಿಲ್ಲ ಎಂದರು, ಮತ್ತೆ ಲೆಡ್ಜರು ಎಳೆದುಕೊಂಡರು. ಅರಕೇರಾಕ್ಕೆ ಹೋದಾಗ ಬಾಲಮ್ಮ ಹೇಳಿದಳು.

"ಒಳ್ಳೇವ್ರು ಅಂತ ಬರೀರಿ. ಒಳ್ಳೇವ್ರೇ ಅದಾರ. ಆಮ್ಯಾಲೆ ಎಷ್ಟೋ ಮಂದಿಗೆ ಚಲೋ ಮಾಡ್ಯಾರಂತ, ಕೇಳೀನಿ. ಆದ್ರ ಆ ದಿನ ನಮ್ಮಣ್ಣ ಬರೋತನಕ ತಡೀಬೇಕಾಗಿತ್ತು ಅಂತ ಅದನ್ನೂ ಬರೀರಿ. ಬರದು ಅವರಿಗೇ ಓದಿ ಹೇಳ್ರಿ."

ಸಮಿತಿಯವರು ಅಳುಕುತ್ತಲೇ ಹೋಗಿ ಓದಿ ಹೇಳಿದರು. ಅಭಿನಂದನ ಗ್ರಂಥದಲ್ಲಿ ಇದು ಸಲ್ಲುತ್ತದೆಯೇ ಎಂದು ಕೇಳಿದರು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಕಿ ಹೇಳಿದ್ದು ಮೊದಲು ಅಚ್ಚು ಹಾಕ್ರಿ" ಎಂದರು. "ಉಳಿದದ್ದು ಜಾಗ ಇದ್ರ ಹಾಕ್ರಿ."

ಅದನ್ನು ಅಚ್ಚು ಹಾಕಿದ್ದೇವೆ. ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ತರಬೇತಿ ಕೇಂದ್ರಕ್ಕೆ ಬಂದು ಹೊಸಬರಿಗೆ ಪಾಠ ಹೇಳಲು ಸಾಹೇಬರು ಒಪ್ಪಿದ್ದಾರೆ. ಅವರ ಕಾಲು, ಕಣ್ಣು, ದನಿ ಇನ್ನೂ ಬಹುಕಾಲ ಗಟ್ಟಿಯಾಗಿರಲಿ. ಕುಬ್ರಾ ಬೇಗಂ ಅವರೊಡನೆ ಅವರ ದಿನಗಳು ಹಗುರಾಗಿ ಸಾಗಲಿ. ಇನ್ನು ಮುಂದೆ ಈ ಸೀಮೆಯ ಯಾವ ಬ್ಯಾಂಕಿನ ಯಾವ ಕ್ಯಾಶಿಯರನ ಮನೆಯಲ್ಲಿಯೂ, ದೂರದಿಂದ ಓಡಿ ಬರುವ ಮಾವನಿಗಾಗಿ ಸತ್ತ ಕೂಸು ಸಂಜೆಯವರೆಗೂ ಕಾಯಬಹುದು. ಅಷ್ಟು ಹೊತ್ತನ್ನು ಅವರು ನಮಗೆಲ್ಲ ಗಳಿಸಿಕೊಟ್ಟಿದ್ದಾರೆ.